ಸ್ವಂತ ಯೋಜನೆಯ ಯುರೋಪ್ ಪ್ರವಾಸ: ದಾಖಲೆ, ಗಡುವು ಮತ್ತು ಹಕ್ಕುಗಳು

ವಿದೇಶಕ್ಕೆ ಹೋಗಿಬರುವ ಸ್ವಾತಂತ್ರ್ಯ ಸಂವಿಧಾನದ 21ನೇ ವಿಧಿಯ ವ್ಯಾಪ್ತಿಗೆ ಬರುತ್ತದೆ. 1967ರ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ನ್ಯಾಯಯುತ ಕ್ರಮವನ್ನು ಅನುಸರಿಸದೆ ಈ ಸ್ವಾತಂತ್ರ್ಯವನ್ನು ಕಸಿಯುವಂತಿಲ್ಲ ಎಂದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ ಇದು ಸ್ವದೇಶದಿಂದ ಹೊರಡುವ ಹಕ್ಕು ಮಾತ್ರ. ಇನ್ನೊಂದು ದೇಶದೊಳಗೆ ಯಾರನ್ನು, ಎಷ್ಟು ದಿನಕ್ಕೆ, ಯಾವ ಷರತ್ತಿನ ಮೇಲೆ ಬಿಟ್ಟುಕೊಳ್ಳಬೇಕೆಂಬುದನ್ನು ಆ ದೇಶವೇ ತೀರ್ಮಾನಿಸುತ್ತದೆ. ಹೀಗಾಗಿ ಪ್ರತಿ ಪ್ರವಾಸಿಯೂ ಏಕಕಾಲಕ್ಕೆ ಎರಡು ಕಾನೂನುಗಳ ಅಡಿ ಬರುತ್ತಾನೆ. ಹೋದ ದೇಶದ ಕಾನೂನು ಅವನಿಗೆ ಅನ್ವಯಿಸುತ್ತದೆ. ಹೊರದೇಶದಲ್ಲಿ ಎಸಗಿದ ಅಪರಾಧಕ್ಕೂ ಭಾರತೀಯ ಪ್ರಜೆಯನ್ನು ಇಲ್ಲಿ ವಿಚಾರಣೆಗೆ ಒಳಪಡಿಸಲು ಭಾರತೀಯ ನ್ಯಾಯ ಸಂಹಿತೆ ಅವಕಾಶ ಕೊಡುತ್ತದೆ.

ಟೂರ್ ಕಂಪನಿಯ ಜೊತೆ ಹೋಗುವವರ ಪರವಾಗಿ ಈ ಕಾನೂನುಗಳು ಕೇಳುವ ದಾಖಲೆ, ಅರ್ಜಿಗಳ ವ್ಯವಹಾರವನ್ನು ಬೇರೊಬ್ಬರು ನೋಡಿಕೊಳ್ಳುತ್ತಾರೆ. ತಾವೇ ಟಿಕೆಟ್, ಕೋಣೆ, ವೀಸಾ ಹೊಂದಿಸಿಕೊಂಡು ಹೋಗುವವರಿಗೆ ಆ ಅನುಕೂಲವಿಲ್ಲ. ಅವರಿಗೆ ಕಾನೂನಿನಲ್ಲಿ ಹಕ್ಕುಗಳು ಕಡಿಮೆಯೇನೂ ಇಲ್ಲ. ಆದರೆ ಪ್ರತಿ ಹಕ್ಕಿಗೂ ಒಂದು ದಾಖಲೆ ಬೇಕು, ಒಂದು ಗಡುವಿರುತ್ತದೆ. ಇವೆರಡರಲ್ಲಿ ಒಂದು ತಪ್ಪಿದರೂ ಹಕ್ಕು ಕೈಗೆ ಸಿಗುವುದಿಲ್ಲ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳನ್ನು ಉದಾಹರಣೆಯಾಗಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಶುಲ್ಕ ಮತ್ತು ಮಿತಿಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಅಧಿಕೃತ ಮೂಲದಲ್ಲಿ ಅವನ್ನು ಖಚಿತಪಡಿಸಿಕೊಳ್ಳಬೇಕು.

ಪಾಸ್‌ಪೋರ್ಟ್

1967ರ ಪಾಸ್‌ಪೋರ್ಟ್ ಕಾಯ್ದೆಯ 3ನೇ ಕಲಮಿನಂತೆ, ಊರ್ಜಿತ ಪಾಸ್‌ಪೋರ್ಟ್ ಅಥವಾ ಪ್ರಯಾಣ ದಾಖಲೆ ಇಲ್ಲದೆ ಭಾರತದಿಂದ ಹೊರಹೋಗುವಂತಿಲ್ಲ. ವಯಸ್ಕರ ಪಾಸ್‌ಪೋರ್ಟಿನ ಅವಧಿ 10 ವರ್ಷ, ಅಪ್ರಾಪ್ತರದು ಸಾಮಾನ್ಯವಾಗಿ 5 ವರ್ಷ. ಅರ್ಜಿಯನ್ನು ನಿರಾಕರಿಸಿದರೆ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಅರ್ಜಿದಾರ ಕೇಳಿದರೆ ಅದರ ಪ್ರತಿ ಕೊಡಬೇಕು. ದೇಶದ ಭದ್ರತೆಯಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ ಇದೆ. 11ನೇ ಕಲಮಿನಡಿ ಮೇಲ್ಮನವಿಗೂ ಅವಕಾಶವಿದೆ. ಕ್ರಿಮಿನಲ್ ಮೊಕದ್ದಮೆ ಬಾಕಿ ಇರುವವರು ಅದನ್ನು ಮುಚ್ಚಿಟ್ಟು ಅರ್ಜಿ ಹಾಕಿದರೆ ಅದೇ ಇನ್ನೊಂದು ಅಪರಾಧವಾಗುತ್ತದೆ. ಮೊಕದ್ದಮೆ ನಡೆಯುತ್ತಿರುವ ನ್ಯಾಯಾಲಯದಿಂದ ವಿದೇಶಕ್ಕೆ ಹೋಗಲು ಅನುಮತಿ ಪಡೆದು, ಆ ಆದೇಶದೊಂದಿಗೆ ಅರ್ಜಿ ಸಲ್ಲಿಸುವುದೇ ಸರಿಯಾದ ದಾರಿ.

17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಆಸ್ತಿ. ಬಾಡಿಗೆ ಸ್ಕೂಟರಿಗೋ ಬಾಕಿ ಹಣಕ್ಕೋ ಅದನ್ನು ಯಾರ ಬಳಿಯೂ ಒತ್ತೆ ಇಡಬಾರದು. ವಿದೇಶದ ಹೋಟೆಲಿನವರು ಕಾನೂನಿನಂತೆ ಅತಿಥಿಗಳ ವಿವರ ದಾಖಲಿಸಿಕೊಳ್ಳಲು ಪಾಸ್‌ಪೋರ್ಟ್ ಕೇಳುವುದು ಸಹಜ. ವಿವರ ಬರೆದುಕೊಂಡ ಮೇಲೆ ಅದನ್ನು ಮರಳಿ ಪಡೆಯಬೇಕು.

ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ನೀಡಿದ್ದಾಗಿರಬೇಕು, ಅದರಲ್ಲಿ ಕನಿಷ್ಠ 2 ಖಾಲಿ ಪುಟಗಳಿರಬೇಕು, ಆ ದೇಶಗಳಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳ ಅವಧಿ ಉಳಿದಿರಬೇಕು. ಬೇರೆ ಅನೇಕ ದೇಶಗಳು 6 ತಿಂಗಳು ಕೇಳುತ್ತವೆ. ವೀಸಾ ಅರ್ಜಿ ಬರೆಯುವ ಮೊದಲು ಪಾಸ್‌ಪೋರ್ಟಿನ ಕೊನೆಯ ದಿನಾಂಕ ನೋಡಿ, ಬೇಕಿದ್ದರೆ ಮರುವಿತರಣೆಗೆ ಅರ್ಜಿ ಹಾಕುವುದು ಮೊದಲ ಕೆಲಸ.

ವೀಸಾ: ಯಾವ ದೇಶಕ್ಕೆ ಅರ್ಜಿ?

ಷೆಂಗೆನ್ ಪ್ರದೇಶದಲ್ಲಿ ಈಗ 29 ದೇಶಗಳಿವೆ. ಒಂದೇ ವೀಸಾದಲ್ಲಿ ಅಷ್ಟೂ ದೇಶಗಳನ್ನು ಸುತ್ತಬಹುದು. ಷೆಂಗೆನ್ ಮತ್ತು ಯುರೋಪಿಯನ್ ಒಕ್ಕೂಟ ಎರಡೂ ಒಂದೇ ಎಂದುಕೊಳ್ಳಬಾರದು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಒಕ್ಕೂಟದ ಸದಸ್ಯರಲ್ಲ, ಆದರೆ ಷೆಂಗೆನ್‌ನಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಬ್ರಿಟನ್ನಿಗೆ ಪ್ರತ್ಯೇಕ ವೀಸಾ ಬೇಕು. ಪ್ಯಾರಿಸ್‌ನಿಂದ ಲಂಡನ್ನಿಗೆ ಹೋಗಿ ಮತ್ತೆ ರೋಮ್‌ಗೆ ಬರುವ ಯೋಜನೆಯಿದ್ದರೆ, ಒಂದು ಸಲದ ಪ್ರವೇಶಕ್ಕೆ ಮಾತ್ರ ಕೊಟ್ಟ ಷೆಂಗೆನ್ ವೀಸಾ ಲಂಡನ್ನಿಗೆ ಹೊರಟಾಗಲೇ ಮುಗಿದುಹೋಗುತ್ತದೆ. ಅಂಥವರು ಅರ್ಜಿಯಲ್ಲೇ ಬಹುಪ್ರವೇಶ ಕೇಳಬೇಕು.

ಅರ್ಜಿಯನ್ನು ಅತಿ ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕು. ದಿನಗಳು ಸಮನಾಗಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ ಸಲ್ಲಿಸಬೇಕು. ಯಾವ ದೇಶದಲ್ಲಿ ವೀಸಾ ಬೇಗ ಸಿಗುತ್ತದೆ ಎಂದು ನೋಡಿ ಅಲ್ಲಿಗೆ ಅರ್ಜಿ ಹಾಕಿ, ಪ್ರವಾಸವನ್ನೆಲ್ಲ ಬೇರೆಡೆ ಮಾಡಿದರೆ ಗಡಿಯಲ್ಲಿ ಪ್ರಶ್ನೆಗಳು ಏಳುತ್ತವೆ. ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಕಡೇಪಕ್ಷ 15 ದಿನ ಮೊದಲು ಸಲ್ಲಿಸಿರಬೇಕು. ತೀರ್ಮಾನಕ್ಕೆ ಸಾಮಾನ್ಯ ಅವಧಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ಬೇಸಿಗೆ ರಜೆಯಲ್ಲಿ ಅರ್ಜಿ ಕೇಂದ್ರಗಳಲ್ಲಿ ದಿನ ಸಿಗುವುದೇ ಕಷ್ಟವಾದ್ದರಿಂದ ಎರಡು-ಮೂರು ತಿಂಗಳು ಮೊದಲೇ ಸಿದ್ಧತೆ ಆರಂಭಿಸುವುದು ಕ್ಷೇಮ.

2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯೂರೋ. 6ರಿಂದ 12ರೊಳಗಿನ ಮಕ್ಕಳಿಗೆ 45. ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿದ್ದು, ತುರ್ತು ಚಿಕಿತ್ಸೆ, ಆಸ್ಪತ್ರೆ ಖರ್ಚು, ಸ್ವದೇಶಕ್ಕೆ ಸಾಗಿಸುವ ವೆಚ್ಚ ಇವನ್ನೆಲ್ಲ ಒಳಗೊಂಡಿರಬೇಕು. ಪ್ರಯಾಣದ ವಿವರ, ತಂಗುವ ಸ್ಥಳದ ದಾಖಲೆ, ಬ್ಯಾಂಕ್ ಖಾತೆಯ ವಿವರ, ಭಾರತಕ್ಕೆ ಮರಳುವರೆಂದು ತೋರಿಸುವ ಉದ್ಯೋಗ ಪತ್ರ ಅಥವಾ ಆದಾಯ ತೆರಿಗೆ ದಾಖಲೆಗಳು ಬೇಕು. ಮಕ್ಕಳು ತಂದೆ ಅಥವಾ ತಾಯಿ ಒಬ್ಬರ ಜೊತೆ ಮಾತ್ರ ಹೋಗುವುದಾದರೆ ಇನ್ನೊಬ್ಬರ ಲಿಖಿತ ಒಪ್ಪಿಗೆಯನ್ನೂ ಕೇಳಲಾಗುತ್ತದೆ. ಮಧ್ಯವರ್ತಿಯೊಬ್ಬ ಸುಳ್ಳು ಹೋಟೆಲ್ ಬುಕಿಂಗ್ ಲಗತ್ತಿಸಿದ್ದರೂ ಅರ್ಜಿಗೆ ಸಹಿ ಹಾಕಿದವರೇ ಅದಕ್ಕೆ ಹೊಣೆ. ನಕಲಿ ದಾಖಲೆ ನಿರಾಕರಣೆಗೆ ನೇರ ಕಾರಣವಾಗುತ್ತದೆ.

ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಒಂದು ಅನುಕೂಲ ಸಿಕ್ಕಿದೆ. ಹಿಂದಿನ 3 ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ನಿಯಮಬದ್ಧವಾಗಿ ಬಳಸಿದವರಿಗೆ 2 ವರ್ಷದ ಬಹುಪ್ರವೇಶ ವೀಸಾ, ಅದರ ನಂತರ ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ 5 ವರ್ಷದ್ದು ಸಿಗಬಹುದು.

ವೀಸಾ ನಿರಾಕರಿಸಿದರೆ

ನಿರಾಕರಣೆಯ ಕಾರಣಗಳನ್ನು ನಿಗದಿತ ನಮೂನೆಯಲ್ಲಿ ಬರೆದು ಕೊಡಲೇಬೇಕು. ಮೇಲ್ಮನವಿಯ ಹಕ್ಕೂ ಇದೆ. ಅದು ನಿರಾಕರಿಸಿದ ದೇಶದ ಕಾನೂನಿನಂತೆ ನಡೆಯುತ್ತದೆ. ಎಲ್ಲಿಗೆ, ಎಷ್ಟು ದಿನದೊಳಗೆ ಸಲ್ಲಿಸಬೇಕೆಂಬುದು ಪತ್ರದಲ್ಲೇ ಇರುತ್ತದೆ. ಜರ್ಮನಿ 2025ರ ಜುಲೈ 1ರಿಂದ ರಾಯಭಾರ ಕಚೇರಿಯಲ್ಲೇ ಮರುಪರಿಶೀಲನೆ ಕೋರುವ ಪದ್ಧತಿಯನ್ನು ಕೈಬಿಟ್ಟಿದೆ. ಈಗ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು, ಇಲ್ಲವೇ ಹೊಸ ಅರ್ಜಿ ಹಾಕಬೇಕು. ಕೊರತೆ ದಾಖಲೆಯದ್ದಾಗಿದ್ದರೆ ಅದನ್ನು ಸರಿಪಡಿಸಿ ಹೊಸ ಅರ್ಜಿ ಹಾಕುವುದು ಬೇಗ ಮುಗಿಯುವ ದಾರಿ. ಹಿಂದಿನ ನಿರಾಕರಣೆಯನ್ನು ಮಾತ್ರ ಮರೆಮಾಚಬಾರದು. ಅದರ ಮಾಹಿತಿ ಷೆಂಗೆನ್ ದೇಶಗಳೆಲ್ಲ ನೋಡಬಹುದಾದ ದತ್ತಾಂಶಕೋಶದಲ್ಲಿ ಉಳಿದಿರುತ್ತದೆ.

ಹಣ

ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999ರಂತೆ ವಿದೇಶಿ ಕರೆನ್ಸಿಯನ್ನು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರಿಂದಲೇ ಕೊಳ್ಳಬೇಕು. ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿಯಿದೆ. ಯುರೋಪ್ ಪ್ರವಾಸಕ್ಕೆ ಇದರಲ್ಲಿ ನೋಟಿನ ರೂಪದಲ್ಲಿ 3,000 ಡಾಲರ್ ಮೌಲ್ಯದಷ್ಟನ್ನು ಮಾತ್ರ ಒಯ್ಯಬಹುದು. ಉಳಿದದ್ದು ಫಾರೆಕ್ಸ್ ಕಾರ್ಡ್‌ನಂಥ ಬೇರೆ ರೂಪದಲ್ಲಿರಬೇಕು. ಭಾರತೀಯ ನೋಟುಗಳನ್ನು ಹೋಗುವಾಗಲೂ ಬರುವಾಗಲೂ 25,000 ರೂಪಾಯಿವರೆಗೆ ಇಟ್ಟುಕೊಳ್ಳಬಹುದು. ಕರೆನ್ಸಿ ಕೊಂಡ ರಸೀದಿ ಜೊತೆಯಲ್ಲಿರಬೇಕು. ಬ್ಯಾಂಕು ಮೂಲದಲ್ಲೇ ತೆರಿಗೆ ವಸೂಲಿ ಮಾಡಿದ್ದರೆ ಆ ಮೊತ್ತವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಹಿಂದೆ ಪಡೆಯಬಹುದು.

ಮರಳಿದ ಮೇಲೆ ಉಳಿದ ನೋಟುಗಳನ್ನು 180 ದಿನದೊಳಗೆ ಮಾರಬೇಕು. 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಲು ಅವಕಾಶವಿದೆ.

ಗಡಿಯಲ್ಲಿ

ವೀಸಾ ಇದ್ದಮಾತ್ರಕ್ಕೆ ಪ್ರವೇಶ ಖಾತ್ರಿಯಾಗುವುದಿಲ್ಲ. ಪ್ರವಾಸದ ಉದ್ದೇಶ, ತಂಗುವ ಸ್ಥಳ, ಹಣ, ಮರಳುವ ಟಿಕೆಟ್ ಇವನ್ನು ಗಡಿ ಅಧಿಕಾರಿ ಕೇಳಬಹುದು. ಆದ್ದರಿಂದ ದಾಖಲೆಗಳ ಮುದ್ರಿತ ಪ್ರತಿ ಕೈಚೀಲದಲ್ಲಿರಬೇಕು. ಪ್ರವೇಶ ನಿರಾಕರಿಸಿದರೂ ಕಾರಣ ಬರೆದ ನಮೂನೆ ಪಡೆಯುವ, ಮೇಲ್ಮನವಿ ಸಲ್ಲಿಸುವ ಹಕ್ಕು ಉಂಟು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ವಾಪಸು ಕಳುಹಿಸುವುದು ನಿಲ್ಲುವುದಿಲ್ಲ.

ದಿನಗಳ ಲೆಕ್ಕದಲ್ಲೇ ಹಲವರು ಎಡವುತ್ತಾರೆ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ತಂಗಬಹುದೆಂಬುದು ಗರಿಷ್ಠ ಮಿತಿ. ಪ್ರತಿಯೊಬ್ಬರಿಗೂ ಸಿಕ್ಕ ದಿನಗಳು ವೀಸಾ ಸ್ಟಿಕರ್‌ನಲ್ಲಿ ಬರೆದಿರುತ್ತವೆ. ವೀಸಾದ ಅವಧಿ ಜೂನ್ 1ರಿಂದ ಜುಲೈ 5ರವರೆಗೆ ಇದ್ದು ತಂಗುವ ದಿನ 20 ಎಂದಿದ್ದರೆ, 20 ದಿನ ಮುಗಿದೊಡನೆ ಹೊರಡಬೇಕು. ಒಳಬಂದ ದಿನ, ಹೊರಹೋದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಯಾದ ವಿದ್ಯುನ್ಮಾನ ವ್ಯವಸ್ಥೆ ಆಗಮನ ನಿರ್ಗಮನಗಳನ್ನು ದಾಖಲಿಸುವುದರಿಂದ, ಅವಧಿ ಮೀರಿದ್ದು ತಾನಾಗಿಯೇ ಗೊತ್ತಾಗುತ್ತದೆ. ಅನಾರೋಗ್ಯದಂಥ ಅನಿವಾರ್ಯ ಕಾರಣವಿದ್ದರೆ ಅವಧಿ ಮುಗಿಯುವ ಮೊದಲೇ ಸ್ಥಳೀಯ ವಲಸೆ ಕಚೇರಿಯಲ್ಲಿ ವಿಸ್ತರಣೆಗೆ ಅರ್ಜಿ ಹಾಕಬೇಕು.

ಸಾಮಾನಿನ ವಿಷಯದಲ್ಲೂ ಎಚ್ಚರ ಬೇಕು. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ಮನೆಯಿಂದ ಕಟ್ಟಿಕೊಂಡ ತುಪ್ಪ, ಖೋವಾ, ಪನೀರ್ ಇದರಲ್ಲಿ ಸೇರುತ್ತವೆ. ಹಸಿ ಕರಿಬೇವು, ಮಾವಿನ ಹಣ್ಣಿನಂಥವಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಔಷಧಿಯನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ, ಪ್ರವಾಸಕ್ಕೆ ಬೇಕಾದಷ್ಟೇ ಒಯ್ಯಬೇಕು. 10,000 ಯೂರೋ ಅಥವಾ ಹೆಚ್ಚಿನ ನಗದಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಅಪರಿಚಿತರ ಪೊಟ್ಟಣವನ್ನು ಯಾವ ಕಾರಣಕ್ಕೂ ಒಯ್ಯಬಾರದು. ಅದರಲ್ಲಿ ಸಿಕ್ಕಿದ್ದಕ್ಕೆಲ್ಲ ಮೊದಲು ಉತ್ತರ ಹೇಳಬೇಕಾದವರು ಹೊತ್ತವರೇ.

ವಿಮಾನ ತಡವಾದರೆ, ಸಾಮಾನು ಕಳೆದರೆ

ಒಕ್ಕೂಟದ 2004ರ 261ನೇ ನಿಯಮಾವಳಿ ಅಲ್ಲಿನ ವಿಮಾನ ನಿಲ್ದಾಣದಿಂದ ಹೊರಡುವ ಎಲ್ಲ ವಿಮಾನಗಳಿಗೆ ಅನ್ವಯಿಸುತ್ತದೆ, ಪ್ರಯಾಣಿಕರು ಯಾವ ದೇಶದವರಾದರೂ ಸರಿ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ವಿಮಾನ ಸಂಸ್ಥೆ ಯುರೋಪಿನದ್ದಾಗಿದ್ದರೆ ಮಾತ್ರ ಅನ್ವಯ. ಗುರಿ ತಲುಪುವುದು 3 ಗಂಟೆ ಅಥವಾ ಹೆಚ್ಚು ತಡವಾದರೆ, 14 ದಿನದ ಮುನ್ಸೂಚನೆಯಿಲ್ಲದೆ ವಿಮಾನ ರದ್ದಾದರೆ ಅಥವಾ ಸೀಟು ನಿರಾಕರಿಸಿದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಪರಿಹಾರ ಕೇಳಬಹುದು. ತೀವ್ರ ಹವಾಮಾನದಂಥ ಅಸಾಧಾರಣ ಕಾರಣಕ್ಕೆ ಪರಿಹಾರ ಸಿಗದು. ಆಗಲೂ ಕಾಯುವ ವೇಳೆಯ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್ ಒದಗಿಸುವುದು ವಿಮಾನ ಸಂಸ್ಥೆಯ ಹೊಣೆ.

ಸಾಮಾನಿನ ಹಕ್ಕು ಭಾರತವೂ ಒಪ್ಪಿರುವ 1999ರ ಮಾಂಟ್ರಿಯಲ್ ಒಪ್ಪಂದದಿಂದ ಬರುತ್ತದೆ. ಸಾಮಾನಿಗೆ ಹಾನಿಯಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ನ್ಯಾಯಾಲಯಕ್ಕೆ ಹೋಗಲು 2 ವರ್ಷದ ಮಿತಿ. ನಿಲ್ದಾಣ ಬಿಡುವ ಮುನ್ನ ಅಲ್ಲೇ ವರದಿ ಬರೆಸಿ, ಬೋರ್ಡಿಂಗ್ ಪಾಸ್ ಮತ್ತು ಬ್ಯಾಗಿನ ಚೀಟಿ ಉಳಿಸಿಕೊಂಡರೆ ವಾದಕ್ಕೆ ಬಲ ಬರುತ್ತದೆ.

ಪಾಸ್‌ಪೋರ್ಟ್ ಕಳೆದರೆ

ಮೊದಲು ಸ್ಥಳೀಯ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ನಂತರ ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಸಂಪರ್ಕಿಸಬೇಕು. ಜರ್ಮನಿಯಲ್ಲಿ ಬರ್ಲಿನ್ ಜೊತೆಗೆ ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನಲ್ಲಿ, ಇಟಲಿಯಲ್ಲಿ ರೋಮ್ ಮತ್ತು ಮಿಲಾನ್‌ನಲ್ಲಿ ಭಾರತದ ಕಚೇರಿಗಳಿವೆ. ಸಮಯವಿದ್ದರೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ತಕ್ಷಣ ಮರಳಬೇಕಿದ್ದರೆ ತುರ್ತು ಪ್ರಮಾಣಪತ್ರ ಸಿಗುತ್ತದೆ. ಅದು ಭಾರತಕ್ಕೆ ಒಂದು ಸಲ ಮರಳಲು ಮಾತ್ರ, ಪ್ರವಾಸ ಮುಂದುವರಿಸಲು ಅಲ್ಲ. ಪಾಸ್‌ಪೋರ್ಟಿನ ಮತ್ತು ವೀಸಾದ ಪ್ರತಿಗಳನ್ನು ಬೇರೊಂದು ಚೀಲದಲ್ಲೂ ಇಮೇಲ್‌ನಲ್ಲೂ ಇಟ್ಟಿದ್ದರೆ ಕೆಲಸ ಸುಲಭ. ಕಚೇರಿಯಿಂದ ಉತ್ತರ ಬಾರದಿದ್ದರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಅದರ ಪ್ರಗತಿ ನೋಡಬಹುದು.

ಕಳವು, ಹಲ್ಲೆ, ಅಪಘಾತಗಳಿಗೆ ಒಕ್ಕೂಟದಾದ್ಯಂತ ತುರ್ತು ಕರೆ 112. ಅಪರಾಧಕ್ಕೆ ಬಲಿಯಾದವರು ಪ್ರವಾಸಿಗಳಾದರೂ ದೂರಿಗೆ ಲಿಖಿತ ಸ್ವೀಕೃತಿ ಪಡೆಯುವ ಹಕ್ಕಿದೆ. ವಿಮೆಯ ಹಣ ಕೇಳಲು ಅದೇ ಆಧಾರ.

ಪೊಲೀಸರು ತಡೆದರೆ, ಬಂಧಿಸಿದರೆ

1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ವಿದೇಶಿಯರಿಗೆ ತಮ್ಮ ದೇಶದ ಕಾನ್ಸುಲ್ ಕಚೇರಿಗೆ ಸುದ್ದಿ ಮುಟ್ಟಿಸುವ ಹಕ್ಕಿದೆ. ಆ ಹಕ್ಕಿರುವುದನ್ನು ಪೊಲೀಸರು ವಿಳಂಬವಿಲ್ಲದೆ ತಿಳಿಸಬೇಕು. ಪಾಕಿಸ್ತಾನದಲ್ಲಿ ಬಂಧಿತರಾದ ಭಾರತೀಯ ಕುಲಭೂಷಣ್ ಜಾಧವ್ ಅವರ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಪಾಕಿಸ್ತಾನದ ವಿರುದ್ಧ ತೀರ್ಪು ಕೊಟ್ಟದ್ದು ಇದೇ ವಿಧಿಯ ಉಲ್ಲಂಘನೆಗಾಗಿ. ಬಂಧಿತರು ಬಯಸಿದರೆ ಮಾತ್ರ ಸುದ್ದಿ ಹೋಗುತ್ತದೆ, ಆದ್ದರಿಂದ ಸ್ಪಷ್ಟವಾಗಿ ಕೇಳಬೇಕು. ಕಾನ್ಸುಲ್ ಅಧಿಕಾರಿ ಭೇಟಿಯಾಗಬಹುದು, ಮನೆಯವರಿಗೆ ತಿಳಿಸಬಹುದು, ವಕೀಲರನ್ನು ಹುಡುಕಲು ನೆರವಾಗಬಹುದು. ಬಿಡುಗಡೆ ಮಾಡಿಸುವ ಅಧಿಕಾರ ಅವರಿಗಿಲ್ಲ.

ಒಕ್ಕೂಟದ ಬಹುತೇಕ ದೇಶಗಳಲ್ಲಿ ಬಂಧಿತರಿಗೆ ತಮಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಹಕ್ಕುಪತ್ರ, ವಕೀಲರ ನೆರವು ಮತ್ತು ಉಚಿತ ಭಾಷಾಂತರ ಸಿಗಬೇಕೆಂದು 2010, 2012 ಮತ್ತು 2013ರ ನಿರ್ದೇಶನಗಳು ವಿಧಿಸಿವೆ. ಭಾಷಾಂತರ ಮಾತೃಭಾಷೆಯಲ್ಲಿ ಅಥವಾ ವ್ಯಕ್ತಿಗೆ ತಿಳಿದ ಬೇರೆ ಭಾಷೆಯಲ್ಲಿ ಇರಬಹುದು. ಇಂಗ್ಲಿಷ್ ಬಾರದ ಕನ್ನಡಿಗರು ಕನ್ನಡ ಬಲ್ಲವರನ್ನು ಕೇಳಬಹುದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು.

ಸಣ್ಣ ದಂಡಗಳು ಬೇರೆ ವಿಷಯ. ಜರ್ಮನಿಯಲ್ಲಿ ಟಿಕೆಟ್ ಇಲ್ಲದೆ ನಗರ ರೈಲು ಹತ್ತಿದರೆ 60 ಯೂರೋ ತೆರಬೇಕಾಗುತ್ತದೆ; ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ಬೀಳುತ್ತದೆ. ದಂಡ ಕಟ್ಟಿದಾಗ ರಸೀದಿ ಕೇಳಿ ಪಡೆಯಬೇಕು.

ಮರಳಿದ ಮೇಲೆ

ಯುರೋಪಿನಲ್ಲಿ ಕೊಂಡ ವಸ್ತುಗಳ ಮೇಲಿನ ವ್ಯಾಟ್ ಮರಳಿ ಪಡೆಯಲು ಅಂಗಡಿಯ ನಮೂನೆಗೆ ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಬೇಕು. ಕೊಂಡ ತಿಂಗಳ ನಂತರದ 3 ತಿಂಗಳೊಳಗೆ ವಸ್ತು ಹೊರಗೆ ಹೋಗಿರಬೇಕು. ಭಾರತಕ್ಕೆ ಬಂದಿಳಿದಾಗ 5,000 ಡಾಲರ್‌ಗಿಂತ ಹೆಚ್ಚಿನ ವಿದೇಶಿ ನೋಟುಗಳಿದ್ದರೆ ಅಥವಾ ಒಟ್ಟು ವಿದೇಶಿ ವಿನಿಮಯ 10,000 ಡಾಲರ್ ಮೀರಿದರೆ ಘೋಷಿಸಬೇಕು. ಸುಂಕರಹಿತ ಮಿತಿ ಮೀರಿದ ವಸ್ತುಗಳಿದ್ದವರು ಕಸ್ಟಮ್ಸ್‌ನ ಕೆಂಪು ಮಾರ್ಗದಲ್ಲೇ ಬರಬೇಕು.

ಭಾರತದಲ್ಲಿ ಸೇವೆ ಮಾರುವ ಬುಕಿಂಗ್ ಸಂಸ್ಥೆ, ವಿಮಾ ಕಂಪನಿ ಅಥವಾ ವಿಮಾನ ಸಂಸ್ಥೆ ಹಣ ಹಿಂದಿರುಗಿಸದಿದ್ದರೆ ಮೊದಲು ಲಿಖಿತ ದೂರು, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ಮೊಕದ್ದಮೆ ಹೂಡಬಹುದು. ಕಂಪನಿಯ ಕಚೇರಿ ಮುಂಬೈನಲ್ಲಿದ್ದರೂ ಶಿವಮೊಗ್ಗದವರು ಶಿವಮೊಗ್ಗದ ಜಿಲ್ಲಾ ಆಯೋಗಕ್ಕೇ ಹೋಗಬಹುದು, ವಕೀಲರು ಕಡ್ಡಾಯವಲ್ಲ. ದೂರಿನ ಕಾರಣ ಉಂಟಾದ 2 ವರ್ಷದೊಳಗೆ ಸಲ್ಲಿಸಬೇಕು. ಟಿಕೆಟ್, ಪಾವತಿ ರಸೀದಿ, ಪತ್ರ ವ್ಯವಹಾರ ಮತ್ತು ವಿದೇಶದಲ್ಲಿ ಪಡೆದ ವರದಿಗಳ ಪ್ರತಿಯನ್ನು ದೂರಿಗೆ ಲಗತ್ತಿಸಬೇಕು.