ಲೆಕ್ಕ ಆಂಪೂಲಿನದಲ್ಲ, ತಾಯಂದಿರದು

ಕೊಪ್ಪಳ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳ ತುರ್ತು ಔಷಧಿಯ ವ್ಯವಸ್ಥೆಯನ್ನು ಹತ್ತಿರದಿಂದ ಬಲ್ಲ ನನಗೆ ಗಟ್ಟಿಯಾಗಿ ನಿಂತ ಪಾಠ ಒಂದೇ: ಹೆರಿಗೆ ಕೋಣೆಯಲ್ಲಿ ಎಷ್ಟು ಆಂಪೂಲು ಇವೆ ಎಂದು ಎಣಿಸಿದರೆ ಸಾಲದು, ಅವು ಎಷ್ಟು ತಾಯಂದಿರಿಗೆ ಆಗುತ್ತವೆ ಎಂದು ಎಣಿಸಬೇಕು. ರಕ್ತದೊತ್ತಡ ಏರಿ ಬಸುರಿಗೆ ಫಿಟ್ಸ್ ಬಂದಾಗ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟನ್ನೇ ನೋಡಿ. ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಸಿಸ್ಟರ್ ಕೊಡಬೇಕಾದ ಮೊದಲ ಡೋಸ್ 10 ಗ್ರಾಂ. ಎರಡೂ ಪೃಷ್ಠಗಳಿಗೆ ತಲಾ 5 ಗ್ರಾಂ. 2 ಮಿ.ಲೀ. ಆಂಪೂಲೊಂದರಲ್ಲಿ ಇರುವುದು 1 ಗ್ರಾಂ. ಹಾಗಾದರೆ ಒಬ್ಬಳಿಗೆ ಹತ್ತು ಆಂಪೂಲು, 10 ಮಿ.ಲೀ.ನ ಎರಡು ಸಿರಿಂಜು, ಸ್ನಾಯುವಿನ ಆಳಕ್ಕೆ ಇಳಿಯುವ ಉದ್ದನೆಯ ಸೂಜಿ ಬೇಕು. ಟ್ರೇಯಲ್ಲಿ ಆರೇ ಇದ್ದರೂ ರಿಜಿಸ್ಟರಿಗೆ ಅದು ‘ಲಭ್ಯ’. ಆದರೆ ಆ ಆರರಿಂದ ಒಬ್ಬಳಿಗೂ ಪೂರ್ತಿ ಡೋಸ್ ಆಗದು. ಕೂಸಿನ ವಿಷಯವೂ ಹಾಗೆಯೇ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಮೊದಲ ನಿಮಿಷದೊಳಗೆ ಗಾಳಿ ಒತ್ತುವ ಅಂಬು ಬ್ಯಾಗ್ ಹಿಡಿಯಬೇಕು. ಬ್ಯಾಗ್ ಇದ್ದು, ದಿನ ತುಂಬಿದ ಕೂಸಿಗೆ 1ನೇ ಅಳತೆಯ, ತುಂಬದ ಕೂಸಿಗೆ 0 ಅಳತೆಯ ಮಾಸ್ಕ್ ಇಲ್ಲದಿದ್ದರೆ ಒತ್ತಿದ ಗಾಳಿಯೆಲ್ಲ ಕೆನ್ನೆಯ ಪಕ್ಕದಿಂದ ಸೋರಿಹೋಗುತ್ತದೆ.

ಔಷಧಿ ಇರುವುದಷ್ಟೇ ಅಲ್ಲ, ಕೆಲಸ ಮಾಡುವ ಸ್ಥಿತಿಯಲ್ಲೂ ಇರಬೇಕು. ಹೆರಿಗೆಯಾದ ಮೇಲಿನ ರಕ್ತಸ್ರಾವಕ್ಕೆ ಮೊದಲ ಮದ್ದಾದ ಆಕ್ಸಿಟೋಸಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಕುಷ್ಟಗಿ, ಯಲಬುರ್ಗಾ ಬಯಲಿನ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಕಪಾಟಿನಲ್ಲಿ ಬೆಂದು ಶಕ್ತಿಗುಂದಿದ ಆಂಪೂಲಿಗೂ ಒಳ್ಳೆಯದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಲಸಿಕೆಯ ಫ್ರಿಜ್‌ನಲ್ಲಿ ಬೇರೇನನ್ನೂ ಇಡಕೂಡದು ಎನ್ನುವವರಿದ್ದಾರೆ. ಆದರೆ ಆಕ್ಸಿಟೋಸಿನ್ನನ್ನು ಅಲ್ಲಿಯೇ ಇಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಯುಎನ್‌ಎಫ್‌ಪಿಎ 2019ರಲ್ಲಿ ಜಂಟಿಯಾಗಿ ಹೇಳಿವೆ. ತಂಪಿನ ಹಂಗಿಲ್ಲದ ದಾರಿಯನ್ನು ನಮ್ಮ ಬೆಳಗಾವಿಯೇ ತೋರಿಸಿದೆ. ಅಲ್ಲಿನ ಹಳ್ಳಿಗಳಲ್ಲಿ 1620 ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ರಕ್ತಸ್ರಾವದ ಪ್ರಮಾಣ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆಯದವರಲ್ಲಿ ಶೇ 12 ಇದ್ದರೆ, ಪಡೆದವರಲ್ಲಿ ಶೇ 6.4 ಇತ್ತು. ಆ ಮಾತ್ರೆ ಕೊಟ್ಟವರು ಸಹಾಯಕ ದಾದಿಯರು. ಆದ್ದರಿಂದ ಆಕ್ಸಿಟೋಸಿನ್ ಫ್ರಿಜ್‌ನಲ್ಲಿ, ಮಿಸೊಪ್ರೊಸ್ಟಾಲ್ ಟ್ರೇಯಲ್ಲಿ: ಎರಡೂ ಇದ್ದರೆ ಕರೆಂಟು ಹೋದ ರಾತ್ರಿಗೂ ಒಂದು ಆಸರೆ ಇರುತ್ತದೆ.

ಇಷ್ಟೆಲ್ಲ ಏಕೆ, 2008ರಿಂದ 108 ಆಂಬುಲೆನ್ಸ್ ಇದೆ, ಕೊಪ್ಪಳದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಗಂಗಾವತಿಯಲ್ಲೂ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ, ಕಳಿಸಿಬಿಟ್ಟರಾಯಿತು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ರಕ್ತ ಕೊಡಲು, ಸಿಸೇರಿಯನ್ ಮಾಡಲು ಅಲ್ಲಿಗೇ ಹೋಗಬೇಕು. ಆದರೆ ತೀವ್ರ ರಕ್ತಸ್ರಾವ ಎರಡು ತಾಸಿನೊಳಗೆ ಜೀವ ತೆಗೆಯಬಲ್ಲದು. ಗಾಡಿ ಬರುವ ಹೊತ್ತು, ದಾರಿಯ ಹೊತ್ತು, ದಾಖಲಾಗುವ ಹೊತ್ತು ಎಲ್ಲವೂ ಅದರೊಳಗೇ ಸೇರಬೇಕು. ರಕ್ತಹೀನತೆಯ ಬಾಣಂತಿಗೆ ಅಷ್ಟು ಅವಕಾಶವೂ ಸಿಗದು. ಮೊದಲ ಡೋಸ್ ಕೊಟ್ಟು ಕಳಿಸಿದರೆ ಮಾತ್ರ ಆಂಬುಲೆನ್ಸಿಗೆ ಅರ್ಥ. ಇನ್ನೊಂದು ಆಕ್ಷೇಪ ಲೆಕ್ಕಪತ್ರದ್ದು: ತಿಂಗಳಿಗೆ ನಾಲ್ಕೈದು ಹೆರಿಗೆಯಾಗುವ ಕಡೆ ಔಷಧಿ ಅವಧಿ ಮೀರಿ ಹಾಳಾಗುತ್ತದೆ, ಆಡಿಟ್‌ನಲ್ಲಿ ಉತ್ತರ ಕೊಡುವವರು ಯಾರು? ಅದಕ್ಕೆ ಮದ್ದು ಇಂಡೆಂಟ್ ಕಡಿಮೆ ಮಾಡುವುದಲ್ಲ. ಇಬ್ಬರು ತಾಯಂದಿರಿಗೆ ಆಗುವಷ್ಟು ಸದಾ ಇಟ್ಟುಕೊಂಡು, ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಹೆರಿಗೆ ಹೆಚ್ಚಿರುವ ತಾಲ್ಲೂಕು ಆಸ್ಪತ್ರೆಗೆ ಕೊಟ್ಟು ಹೊಸದನ್ನು ತರುವುದು.

ಕೊರತೆ ಔಷಧಿಯದಲ್ಲ, ಪಳಗಿದ ಕೈಗಳದು ಎಂಬುದು ಗಟ್ಟಿಯಾದ ಆಕ್ಷೇಪ. ಕೊಪ್ಪಳವೂ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆ ಇದನ್ನು ಗುರುತಿಸಿ, ನರ್ಸ್ ಮಾರ್ಗದರ್ಶಕರನ್ನು ಆರೋಗ್ಯ ಕೇಂದ್ರಗಳಿಗೇ ಕಳಿಸಿತು. ಬಳ್ಳಾರಿ, ಕಲಬುರಗಿಗಳಲ್ಲಿ ಅದನ್ನು ಒರೆಗೆ ಹಚ್ಚಿದಾಗ ಸಿಬ್ಬಂದಿಯ ತಿಳಿವಳಿಕೆಯೂ ಕೇಂದ್ರದ ಸಿದ್ಧತೆಯೂ ಒಟ್ಟಿಗೇ ಸುಧಾರಿಸಿದ್ದು ಕಂಡಿತು. ನನ್ನ ವಾದಕ್ಕೆ ಇದು ಎದುರಲ್ಲ, ಬಲ. ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಡಲು ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿಯೇ ಸಹಾಯಕ ದಾದಿಗೆ ಅನುಮತಿ ಕೊಟ್ಟಿದೆ. ಆದರೂ ಕೈ ಹಿಂಜರಿಯುವುದು ಅಭ್ಯಾಸವಿಲ್ಲದ್ದರಿಂದ. ಪಾಳಿ ಬದಲಾಗುವಾಗ ಇಬ್ಬರು ಸಿಸ್ಟರ್‌ಗಳು ಟ್ರೇ ತೆರೆದು ‘ಎಷ್ಟು ಜನಕ್ಕಾಗುತ್ತದೆ’ ಎಂದು ಎಣಿಸಿದರೆ ಡೋಸಿನ ಲೆಕ್ಕ ತಾನಾಗಿ ಬಾಯಿಪಾಠವಾಗುತ್ತದೆ.

ಎಣಿಕೆ ಎಲ್ಲಕ್ಕೂ ಉತ್ತರವಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಅನುಮಾನ ಹೋದದ್ದು ಡ್ರಿಪ್‌ಗೆ ಬಳಸಿದ ದ್ರಾವಣದ ಗುಣಮಟ್ಟದ ಮೇಲೆ. ಅದು ಖರೀದಿ ಮತ್ತು ಪ್ರಯೋಗಾಲಯದ ಹೊಣೆ, ಸಿಸ್ಟರ್ ಮೇಲೆ ಹೊರಿಸುವಂಥದ್ದಲ್ಲ. ಆದರೆ ಬ್ಯಾಚ್ ನಂಬರ್ ಬರೆದಿಟ್ಟ ಕೇಂದ್ರ ಮಾತ್ರವೇ ಅನುಮಾನದ ಬಾಟಲಿಯನ್ನು ಅಂದೇ ಬದಿಗಿಡಬಲ್ಲದು. ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗುವ ಮಾಸಿಕ ವರದಿಯಲ್ಲಿ ‘ಲಭ್ಯ/ಇಲ್ಲ’ ಎಂಬ ಕಾಲಂ ತೆಗೆದು, ‘ಎಷ್ಟು ತಾಯಂದಿರಿಗೆ, ಎಷ್ಟು ಕೂಸುಗಳಿಗೆ’ ಎಂಬ ಎರಡು ಕಾಲಂ ಹಾಕಲು ಹೊಸ ಅನುದಾನ ಬೇಕಿಲ್ಲ. ಆ ಕಾಲಂನಲ್ಲಿ ಸೊನ್ನೆ ಬಿದ್ದ ದಿನವೇ ಯಾರು ಔಷಧಿ ಕಳಿಸಬೇಕು ಎಂಬುದು ಗೊತ್ತಾಗುತ್ತದೆ. ಸಾವಿನ ನಂತರದ ಪರಿಶೀಲನಾ ಸಭೆಗೆ ಕಾಯಬೇಕಾಗಿಲ್ಲ.