ಒಂದೇ ಅಕ್ಷರ ವ್ಯಾಪಾರ ಚಿಹ್ನೆಯಾದೀತೆ?



ಸ್ವಂತ ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿ ಪೊಟ್ಟಣದಲ್ಲಿ ಮಾರಲು ಹೊರಟಿರುವ ಸದಸ್ಯರೊಬ್ಬರು ಸಂಘದ ಕಚೇರಿಯಲ್ಲಿ ಒಂದು ಪ್ರಶ್ನೆ ಕೇಳಿದರು. ತಂದೆಯವರ ಕಾಲದಿಂದಲೂ ಅವರ ಮನೆಯ ಮೂಟೆಗಳ ಮೇಲೆ ಹೆಸರಿನ ಮೊದಲಕ್ಷರವಾದ ಇಂಗ್ಲಿಷಿನ ‘ಎ’ ಬರೆಯುವುದು ರೂಢಿ. ಅದೇ ಅಕ್ಷರವನ್ನು ಪೊಟ್ಟಣಕ್ಕೂ ಹಾಕಿ ನೋಂದಣಿ ಮಾಡಿಸಿದರೆ ಬೇರೆಯವರು ಬಳಸದಂತೆ ತಡೆಯಬಹುದೇ? ಪೊಟ್ಟಣಗಳನ್ನು ಅಚ್ಚಿಗೆ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಹಿಂದೆ ಈ ಪ್ರಶ್ನೆ ನಮ್ಮಲ್ಲಿ ಹೆಚ್ಚಾಗಿ ಏಳುತ್ತಿರಲಿಲ್ಲ. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರುತ್ತಿತ್ತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಆ ವ್ಯವಸ್ಥೆ 1996ರ ಹೊತ್ತಿಗೆ ಮುಗಿದ ಮೇಲೆ, ತನ್ನ ಸರಕಿಗೆ ತನ್ನದೇ ಗುರುತು ಬೇಕೆಂಬುದು ಬೆಳೆಗಾರನ ಗಮನಕ್ಕೆ ಬಂದಿತು.

1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ‘ಗುರುತು’ ಎಂಬುದರ ಅರ್ಥ ಹೇಳುವಾಗ ಹೆಸರು, ಸಹಿ, ಪದಗಳ ಜೊತೆಗೆ ಅಕ್ಷರ, ಅಂಕಿಗಳನ್ನೂ ಸೇರಿಸಿದೆ. 1958ರ ಕಾಯಿದೆಯಲ್ಲೂ ಹಾಗೆಯೇ ಇತ್ತು. ಆದ್ದರಿಂದ ಒಂದೇ ಅಕ್ಷರವೆಂಬ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ. ತೊಡಕಿರುವುದು 9ನೇ ಕಲಮಿನಲ್ಲಿ. ಒಬ್ಬರ ಸರಕನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ತೋರಿಸುವ ಗುಣ ಗುರುತಿಗೆ ಇರಬೇಕು. ಸರಕಿನ ಜಾತಿ, ಗುಣಮಟ್ಟಗಳನ್ನು ಹೇಳಲು ವ್ಯಾಪಾರದಲ್ಲಿ ಬಳಸುವ ಗುರುತು ಆಗಿರಬಾರದು.

ನಮ್ಮ ಸದಸ್ಯರ ‘ಎ’ ಎಡವುವುದು ಇಲ್ಲಿಯೇ. ಪ್ಲಾಂಟೇಷನ್ ‘ಎ’ ಎಂದರೆ 6.65 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವ ಬೀಜವೆಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ‘ಬಿ’, ‘ಸಿ’, ‘ಪಿಬಿ’ಗಳೂ ದರ್ಜೆಯ ಹೆಸರುಗಳೇ. ಇವನ್ನು ಒಬ್ಬರ ಆಸ್ತಿ ಮಾಡಿಕೊಟ್ಟರೆ ಉಳಿದ ಬೆಳೆಗಾರರು ತಮ್ಮ ಕಾಫಿಯ ದರ್ಜೆಯನ್ನು ಬರೆಯುವುದಾದರೂ ಹೇಗೆ? ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಮಾತುಗಳೂ ಇದೇ ಬಗೆಯವು. ಕಾಫಿಗೆ ಬರಿಯ ‘ಎ’ ಸಿಗುವ ಆಸೆ ಇಟ್ಟುಕೊಳ್ಳದಿರುವುದೇ ಲೇಸು.

ದರ್ಜೆಯನ್ನು ಸೂಚಿಸದ ಅಕ್ಷರಕ್ಕೆ ಅವಕಾಶ ಸ್ವಲ್ಪ ಹೆಚ್ಚು. ಅರ್ಜಿ ಹಾಕುವ ಮೊದಲೇ ಬಹುಕಾಲದ ಬಳಕೆಯಿಂದ ಜನ ಅದನ್ನು ಒಬ್ಬರದೇ ಎಂದು ಗುರುತಿಸುವಂತಾಗಿದ್ದರೆ ಕಾಯಿದೆ ಒಪ್ಪುತ್ತದೆ. ಕಲಬುರಗಿ ಜಿಲ್ಲೆಯ ಕೊಡ್ಲಿ, ಚಿತ್ತಾಪುರದ ಕಡೆಯ ತೊಗರಿ ಬೆಳೆಗಾರನಿಗೆ ವಾಡಿಯ ‘ಎಸಿಸಿ’ ಎಂದರೆ ಸಿಮೆಂಟು, ಬಿಡಿಸಿ ಹೇಳಬೇಕಾಗಿಲ್ಲ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಆದ ಸಂಸ್ಥೆಯ ಉದ್ದನೆಯ ಹೆಸರಿನ ಮೊದಲಕ್ಷರಗಳವು. 2006ರಲ್ಲಿ ಅವೇ ಕಂಪನಿಯ ಹೆಸರಾದವು. ಅಷ್ಟು ವರ್ಷ ಕಾಯುವ ತಾಳ್ಮೆ ಒಂದು ಪೊಟ್ಟಣಕ್ಕೆಲ್ಲಿ!

ಯೂರೋಪಿನಲ್ಲೂ ಮದ್ಯಕ್ಕೆ ಗ್ರೀಕರ ‘ಆಲ್ಫಾ’ ಅಕ್ಷರವೊಂದನ್ನೇ ಕೇಳಿದ ಪ್ರಕರಣದಲ್ಲಿ, ಒಂಟಿ ಅಕ್ಷರವೆಂದು ಸಾರಾಸಗಟಾಗಿ ತಳ್ಳದೆ ಆಯಾ ಸರಕಿಗೆ ತಕ್ಕಂತೆ ಪರಿಶೀಲಿಸಬೇಕೆಂದು ಅಲ್ಲಿನ ನ್ಯಾಯಾಲಯ 2010ರಲ್ಲಿ ಹೇಳಿತು.

ನೋಂದಣಿಯಾದ ಮೇಲೂ ಹಕ್ಕು ಎಷ್ಟೆಂಬುದು ಬೇರೆ ಮಾತು. ಮೈಕ್ರೋನಿಕ್ಸ್ ಮತ್ತು ಮೈಕ್ರೋಟೆಲ್ ಹೆಸರುಗಳ ವ್ಯಾಜ್ಯದಲ್ಲಿ ಇಬ್ಬರ ಲಾಂಛನದಲ್ಲೂ ‘ಎಂ’ ಅಕ್ಷರವಿತ್ತು. ಬರೆದ ರೀತಿ ಬೇರೆಯಾದ್ದರಿಂದ ಗ್ರಾಹಕ ಮೋಸಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಅಭಿಪ್ರಾಯಪಟ್ಟಿತು. ಅಂದರೆ ರಕ್ಷಣೆ ಹೆಚ್ಚಾಗಿ ಅಕ್ಷರದ ಚಿತ್ರಕ್ಕೆ. ಅಕ್ಷರಗಳು ಐದಾದರೂ ಜಗಳ ತಪ್ಪುವುದಿಲ್ಲ: ‘ಕೆಎಸ್‌ಆರ್‌ಟಿಸಿ’ಗಾಗಿ ಕರ್ನಾಟಕ, ಕೇರಳಗಳ ಸಾರಿಗೆ ನಿಗಮಗಳೆರಡೂ ಸೆಣಸಿದವು, ಕರ್ನಾಟಕ ನಿಗಮದ ಬಳಕೆಯನ್ನು ಪ್ರಶ್ನಿಸಿದ್ದ ಕೇರಳದ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2023ರ ಡಿಸೆಂಬರಿನಲ್ಲಿ ವಜಾ ಮಾಡಿತು.

ಆ ಸದಸ್ಯರಿಗೆ ನಾವು ಹೇಳಿದ್ದು ಇಷ್ಟು. ತೋಟದ ಹೆಸರನ್ನೋ ಹೊಸದೊಂದು ಪದವನ್ನೋ ಮುಂದೆ ಮಾಡಿ; ‘ಎ’ಯನ್ನು ಬಿಡಲು ಮನಸ್ಸಿಲ್ಲದಿದ್ದರೆ ವಿಶಿಷ್ಟವಾಗಿ ಚಿತ್ರಿಸಿ ಆ ಹೆಸರಿನ ಜೊತೆ ಸೇರಿಸಿ. ಹಾಗೆ ಸೇರಿಸಿ ನೋಂದಾಯಿಸಿದರೂ 17ನೇ ಕಲಮಿನಂತೆ ಒಳಗಿನ ‘ಎ’ ಒಂದರ ಮೇಲೆ ಹಕ್ಕು ಹುಟ್ಟದು. ಕಾಫಿಗೆ 30ನೇ ವರ್ಗದಲ್ಲಿ ಅರ್ಜಿ. ನಮ್ಮ ರಾಜ್ಯದವರಿಗೆ ಚೆನ್ನೈ ಕಚೇರಿ. ವ್ಯಕ್ತಿಗಳು ಆನ್‌ಲೈನಿನಲ್ಲಿ ಸಲ್ಲಿಸಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ, ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಣ. ಕನ್ನಡ ಅಕ್ಷರದಲ್ಲಿದ್ದರೆ ಉಚ್ಚಾರ, ಅರ್ಥಗಳನ್ನೂ ಕೊಡಬೇಕು. ಹಳೆಯ ಬಿಲ್ಲು, ರಸೀದಿಗಳನ್ನು ಮಾತ್ರ ಬಿಸಾಡಬೇಡಿ. ನೋಂದಣಿಯಿಲ್ಲದ ಗುರುತನ್ನು ಯಾರಾದರೂ ನಕಲು ಮಾಡಿದಾಗ, ನಿಮ್ಮ ಬಳಕೆ ಯಾವಾಗಿನಿಂದ ಎಂದು ನ್ಯಾಯಾಲಯಕ್ಕೆ ತೋರಿಸಲು ಬೇಕಾಗುವುದು ಆ ಕಾಗದಗಳೇ.