ಕೌದಿಯ ಪಟ್ಟಿಗಳನ್ನು ಕತ್ತರಿಸುವ ಸೀಳುಹಲಗೆ: ಅದನ್ನು ಆರಿಸುವದೂ ಉಪಯೋಗಿಸುವದೂ



ಹೊಸ ಬಟ್ಟೆಯ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಹೊದಿಕೆಯನ್ನು ಹೊಲಿಯುವವರು ಸಾಮಾನ್ಯವಾಗಿ ತಮ್ಮ ಗಮನವನ್ನೆಲ್ಲಾ ಹೊಲಿಗೆಯ ಮೇಲೆ ಇಡುತ್ತಾರೆ. ಕೆಲಸ ಮುಗಿದ ಮೇಲೆ ಒಂದು ಬದಿಯು ಉದ್ದವಾಗಿಯೂ ಇನ್ನೊಂದು ಬದಿಯು ಮೋಟಾಗಿಯೂ ಕಂಡುಬಂದರೆ, ಇಲ್ಲವೆ ನಡುವೆ ಉಬ್ಬು ಎದ್ದರೆ, ಹೊಲಿಗೆಯು ಕೆಟ್ಟಿತೆಂದು ಬಿಚ್ಚಿ ಪುನಃ ಹೊಲಿಯುತ್ತಾರೆ. ಆದರೆ ಬಹಳ ಸಾರಿ ದೋಷವು ಸೂಜಿಯಲ್ಲಿ ಇರುವದಿಲ್ಲ. ಕತ್ತರಿಸುವಾಗಲೇ ಅದು ಒಳಗೆ ಹೊಕ್ಕಿರುತ್ತದೆ. ಸೂಜಿಯ ದೋಷವನ್ನು ಬಿಚ್ಚಿ ಸರಿಮಾಡಬಹುದು. ಕಿರಿದಾಗಿ ಕತ್ತರಿಸಿದ ಬಟ್ಟೆಯನ್ನು ಅಗಲಮಾಡಲು ಯಾರಿಂದಲೂ ಆಗದು. ದುಡ್ಡು ಕೊಟ್ಟು ತಂದ ಬಟ್ಟೆಯು ಹಾಗೆ ಹಾಳಾಗಬಾರದೆಂದು ನಾವು ಈ ಪಾಠದಲ್ಲಿ ಒಂದು ಉಪಕರಣದ ವಿಷಯವಾಗಿ ಹೇಳುತ್ತೇವೆ.

೧. ಈ ಉಪಕರಣವು ಯಾವದು?

ಇಂಗ್ಲಿಷರು ಸ್ಲಾಟೆಡ್ ರೂಲರ್ ಎಂದು ಕರೆಯುವ ಈ ವಸ್ತುವನ್ನು ನಾವು ಇಲ್ಲಿ ಸೀಳುಹಲಗೆ ಎಂದು ಕರೆಯುವೆವು. ಇದು ಗಾಜಿನಂತೆ ತಿಳಿಯಾದ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಅಗಲವಾದ ಅಳತೆಹಲಗೆ. ಅದರ ಮೇಲೆ ಮೇಲಿನಿಂದ ಕೆಳಗೆ ನೆಟ್ಟಗೆ ಹಲವು ಸೀಳುಗಳು ಸಾಲಾಗಿ ಕೊರೆಯಲ್ಪಟ್ಟಿರುತ್ತವೆ. ಸಾಮಾನ್ಯವಾಗಿ ಒಂದು ಸೀಳಿಗೂ ಮತ್ತೊಂದಕ್ಕೂ ನಡುವೆ ಅರ್ಧ ಇಂಚು ಇರುತ್ತದೆ. ಹಲಗೆಯನ್ನು ಬಟ್ಟೆಯ ಮೇಲೆ ಒಂದೇ ಸಾರಿ ಇಟ್ಟು, ಬೇಕಾದ ಸೀಳುಗಳಲ್ಲಿ ಕತ್ತಿಯನ್ನು ಉರುಳಿಸಿದರೆ, ಹಲಗೆಯನ್ನು ಕದಲಿಸದೆಯೇ ಹಲವು ಪಟ್ಟಿಗಳು ದೊರೆಯುತ್ತವೆ.

ಆ ಕತ್ತಿಯು ನಮ್ಮ ಕತ್ತರಿಯಲ್ಲ. ಹಿಡಿಕೆಯ ತುದಿಯಲ್ಲಿ ತಿರುಗುವ ಹರಿತವಾದ ಉಕ್ಕಿನ ಬಿಲ್ಲೆ. ಅದಕ್ಕೆ ರೋಟರಿ ಕಟ್ಟರ್ ಎಂದು ಹೆಸರು. ನಾವು ಚಕ್ರಕತ್ತಿ ಎನ್ನೋಣ. ಇದನ್ನು ಜಪಾನ್ ದೇಶದ ಓಲ್ಫಾ ಎಂಬ ಕಂಪನಿಯವರು ೧೯೭೯ರಲ್ಲಿ ಹೊರತಂದರು. ಅಮೇರಿಕದ ಸ್ತ್ರೀಯರು ಅದಕ್ಕೆ ಮುಂಚೆ ರಟ್ಟಿನ ಅಚ್ಚನ್ನು ಬಟ್ಟೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದು, ಕತ್ತರಿಯಿಂದ ಒಂದೊಂದೇ ತುಂಡನ್ನು ಕತ್ತರಿಸುತ್ತಿದ್ದರು. ಚಕ್ರಕತ್ತಿಯು ಬಂದ ಮೇಲೆ ನಾಲ್ಕಾರು ಪದರಗಳನ್ನು ಒಟ್ಟಿಗೆ ಕತ್ತರಿಸುವ ರೂಢಿಯಾಯಿತು. ಪಟ್ಟಿಗಳಿಂದ ಕ್ವಿಲ್ಟ್ ಎಂಬ ಹೊದಿಕೆಯನ್ನು ಹೊಲಿಯುವ ಪದ್ಧತಿಯು ಬಹಳ ಹರಡಿತು. ಎರಡೂವರೆ ಇಂಚಿನ ಪಟ್ಟಿಗಳನ್ನು ಸುರುಳಿ ಸುತ್ತಿ ಜೆಲ್ಲಿ ರೋಲ್ ಎಂಬ ಹೆಸರಿನಿಂದ ಅಂಗಡಿಗಳಲ್ಲಿ ಮಾರುತ್ತಾರೆ. ಅಂಥ ಪಟ್ಟಿಗಳನ್ನು ಮನೆಯಲ್ಲಿಯೇ ಕತ್ತರಿಸಿಕೊಳ್ಳುವವರಿಗೆ ಸೀಳುಹಲಗೆಯು ಸಹಾಯಕವಾದದ್ದು. ಜೂನ್ ಟೇಲರ್ ಕಂಪನಿಯ ಶೇಪ್ ಕಟ್, ಕ್ರಿಯೇಟಿವ್ ಗ್ರಿಡ್ಸ್ ಕಂಪನಿಯ ಸ್ಟ್ರಿಪಾಲಜಿ ಎಂಬವು ಇವುಗಳಲ್ಲಿ ಹೆಸರಾದವು.

೨. ಇದು ಯಾರಿಗೆ ಬೇಕು, ಯಾರಿಗೆ ಬೇಡ?

ಒಂದು ವಸ್ತುವು ಹೊಸದಾಗಿದೆ ಎಂಬ ಮಾತ್ರಕ್ಕೆ ಅದನ್ನು ಕೊಳ್ಳುವದು ಬುದ್ಧಿಯಲ್ಲ. ಉತ್ತರ ಕರ್ನಾಟಕದ ನಮ್ಮ ತಾಯಂದಿರು ಹಳೇ ಸೀರೆ ಧೋತ್ರಗಳನ್ನು ಪದರವಾಗಿ ಹಾಸಿ, ಮೇಲೆ ತೇಪೆಗಳನ್ನಿಟ್ಟು, ಕೈಹೊಲಿಗೆಯಿಂದ ಕೌದಿಯನ್ನು ಹೊಲಿಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸ್ತ್ರೀಯರು ತಮ್ಮ ಕವಂದಿಯನ್ನು ಅಂಚಿನಿಂದ ಪ್ರಾರಂಭಿಸಿ, ಸುತ್ತುತ್ತಾ, ನಡುವಿಗೆ ಬಂದು ಮುಗಿಸುತ್ತಾರೆ. ಇವರು ದೊರೆತ ತುಂಡಿಗೆ ತಕ್ಕಂತೆ ಮುಂದಿನ ತುಂಡನ್ನು ಆರಿಸುತ್ತಾರೆ. ಅಳತೆಯು ಅವರ ಕಣ್ಣಿನಲ್ಲಿಯೇ ಇದೆ. ಅಲ್ಲದೆ ಉಟ್ಟು ಒಗೆದು ಸವೆದ ಬಟ್ಟೆಯು ಹಿಗ್ಗುವದರಿಂದ ವೀಸದಷ್ಟು ಸೂಕ್ಷ್ಮವಾದ ಅಳತೆಯು ಅದರಲ್ಲಿ ನಿಲ್ಲದು. ಇಂಥ ಕೆಲಸಕ್ಕೆ ಸೀಳುಹಲಗೆಯು ಬೇಡವೇ ಬೇಡ.

ಒಂದೆರಡು ಹೊದಿಕೆಗಳನ್ನು ಮಾತ್ರ ಹೊಲಿಯುವವರಿಗೂ ಇದು ಬೇಡ. ಅವರು ಎರಡು ಕಡೆಯಲ್ಲಿ ಅಳೆದು, ಸೀಮೆಸುಣ್ಣದಿಂದ ಗೆರೆ ಎಳೆದು, ಹರಿತವಾದ ಕತ್ತರಿಯಿಂದ ಕತ್ತರಿಸಲಿ. ನೂಲಿನ ಬಟ್ಟೆಯನ್ನು ಹೊಕ್ಕಿನ ಎಳೆಯ ಗುಂಟ ಕೈಯಿಂದ ಹರಿದರೂ ನೆಟ್ಟಗೆ ಬರುತ್ತದೆ. ಆದರೆ ಅಂಚು ಹಿಗ್ಗಿ ಎಳೆ ಬಿಡುವದರಿಂದ ಅದಕ್ಕೆ ಸ್ವಲ್ಪ ಹೆಚ್ಚು ಬಟ್ಟೆಯನ್ನು ಬಿಡತಕ್ಕದ್ದು.

ಹೊಸ ಬಟ್ಟೆಯಿಂದ ಒಂದೇ ಅಳತೆಯ ನೂರಾರು ಪಟ್ಟಿಗಳನ್ನು ಕತ್ತರಿಸಿ, ಮಾರುವದಕ್ಕಾಗಿ ಹೊದಿಕೆಗಳನ್ನು ಹೊಲಿಯುವ ಸ್ತ್ರೀಯರಿಗೆ ಇದು ತಕ್ಕದ್ದು. ಅಂಥವರು ನಾಲ್ಕೈದು ಮಂದಿ ಕೂಡಿ ಒಂದನ್ನು ಕೊಂಡು ಸರದಿಯ ಪ್ರಕಾರ ಉಪಯೋಗಿಸಿದರೆ ಖರ್ಚು ಹಂಚಿಹೋಗುವದು.

೩. ಆರಿಸುವ ಕ್ರಮ

ಮೊದಲನೆಯದಾಗಿ, ಇಂಚೋ ಸೆಂಟಿಮೀಟರೋ ಎಂಬದನ್ನು ನಿಶ್ಚಯಿಸಿಕೊಳ್ಳಿರಿ. ಎರಡೂವರೆ ಇಂಚು ಎಂಬದು ೬.೩೫ ಸೆಂಟಿಮೀಟರು. ಸಮೀಪವಾಗಿದೆಯೆಂದು ಕೆಲವು ಪಟ್ಟಿಗಳನ್ನು ೬ ಸೆಂಟಿಮೀಟರಿಗೆ ಕತ್ತರಿಸಿದರೆ ಹನ್ನೆರಡು ಪಟ್ಟಿಗಳಲ್ಲಿ ೪ ಸೆಂಟಿಮೀಟರಿಗಿಂತಲೂ ಹೆಚ್ಚು ಕೊರತೆಯಾಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯಂತೆ, ಎರಡು ಅಳತೆಗಳು ಒಂದೇ ಹೊದಿಕೆಯಲ್ಲಿ ಕೂಡಿ ನಡೆಯಲಾರವು.

ಎರಡನೆಯದಾಗಿ, ಸೀಳಿನ ಉದ್ದವನ್ನು ನೋಡಿರಿ. ಸೀಳುಗಳ ಎರಡು ತುದಿಗಳೂ ಮುಚ್ಚಿರುವದರಿಂದ ಮಡಿಸಿದ ಬಟ್ಟೆಯು ಆ ತುದಿಗಳ ಒಳಗೆ ಅಡಗಬೇಕು. ಕ್ವಿಲ್ಟಿನ ಬಟ್ಟೆಯ ಪನ್ನವು ಸಾಮಾನ್ಯವಾಗಿ ೪೨ರಿಂದ ೪೪ ಇಂಚು. ಅದನ್ನು ಒಂದು ಸಾರಿ ಮಡಿಸಿದರೆ ೨೨ ಇಂಚು, ಎರಡು ಸಾರಿ ಮಡಿಸಿದರೆ ೧೧ ಇಂಚು ಆಗುವದು. ಚಿಕ್ಕ ಹಲಗೆಯು ಅಗ್ಗವಾದರೂ ಎರಡು ಸಾರಿ ಮಡಿಸುವಂತೆ ಮಾಡುತ್ತದೆ. ಮಡಿಕೆಗಳು ಹೆಚ್ಚಿದಷ್ಟೂ ಪಟ್ಟಿಯು ಸೊಟ್ಟಗಾಗುವ ಸಂಭವವು ಹೆಚ್ಚು. ಮೇಜಿನ ಮೇಲೆ ಸ್ಥಳವಿದ್ದರೆ ಉದ್ದ ಸೀಳಿನ ಹಲಗೆಯೇ ಮೇಲು.

ಮೂರನೆಯದಾಗಿ, ಸೀಳಿನ ಅಗಲವನ್ನು ನಿಮ್ಮ ಕತ್ತಿಯಿಂದಲೇ ಪರೀಕ್ಷಿಸಿರಿ. ಚಕ್ರಕತ್ತಿಯ ಬಿಲ್ಲೆಗಳು ೨೮, ೪೫, ೬೦ ಮಿಲಿಮೀಟರು ಮುಂತಾದ ಅಳತೆಗಳಲ್ಲಿ ದೊರೆಯುತ್ತವೆ. ೪೫ರದು ಬಹು ಬಳಕೆಯದು. ಬಿಲ್ಲೆಯು ಸೀಳಿನೊಳಗೆ ಉಜ್ಜದೆ ಉರುಳಬೇಕು, ಹಾಗೂ ಕೆಳಗಿನ ಬಟ್ಟೆಯನ್ನು ಪೂರ್ತಿಯಾಗಿ ಮುಟ್ಟಬೇಕು. ಸೀಳು ಅತಿ ಅಗಲವಾಗಿದ್ದರೆ ಬಿಲ್ಲೆಯು ಅತ್ತಿತ್ತ ಅಲುಗುತ್ತದೆ.

ನಾಲ್ಕನೆಯದಾಗಿ, ಗುರುತುಗಳನ್ನು ಓದಿರಿ. ಮೊದಲನೆಯ ಅಂಚನ್ನು ಕತ್ತರಿಸುವದಕ್ಕಾಗಿ ಸೊನ್ನೆಯ ಸೀಳು ಇರಬೇಕು. ಮಡಿಕೆಯನ್ನು ಸರಿಹೊಂದಿಸುವದಕ್ಕಾಗಿ ಸೀಳುಗಳಿಗೆ ಅಡ್ಡವಾಗಿ ನೆಟ್ಟನೆಯ ಗೆರೆಗಳಿರಬೇಕು. ಅಡಿಯು ಜಾರದಂತೆ ತಡೆಯುಳ್ಳದ್ದಾದರೆ ಇನ್ನೂ ಒಳ್ಳೇದು.

೪. ಬಟ್ಟೆಯನ್ನು ಸಿದ್ಧಮಾಡುವದು

ಈ ಪಾಠದ ಮುಖ್ಯವಾದ ಮಾತು ಇಲ್ಲಿದೆ. ಹಲಗೆಯು ಕತ್ತಿಯ ದಾರಿಯನ್ನು ನೆಟ್ಟಗೆ ಮಾಡುತ್ತದೆ; ಬಟ್ಟೆಯನ್ನು ನೆಟ್ಟಗೆ ಮಾಡುವದಿಲ್ಲ. ಸೊಟ್ಟಗೆ ಮಡಿಸಿದ ಬಟ್ಟೆಯನ್ನು ಎಂಥ ಬೆಲೆಯುಳ್ಳ ಹಲಗೆಯಿಂದ ಕತ್ತರಿಸಿದರೂ ಪಟ್ಟಿಯು ಸೊಟ್ಟಗೇ ಬರುವದು. ಅದು ಹೇಗಂದರೆ, ಕತ್ತಿಯ ದಾರಿಯು ಮಡಿಕೆಗೆ ಸರಿಯಾದ ಮೂಲೆಮಟ್ಟದಲ್ಲಿ ಇಲ್ಲದಿದ್ದರೆ, ಪಟ್ಟಿಯನ್ನು ಬಿಡಿಸಿದಾಗ ಮಡಿಕೆಯಿದ್ದ ಕಡೆಯಲ್ಲಿ ನೇಗಿಲಿನಂತೆ ಒಂದು ಬಾಗು ಕಾಣುತ್ತದೆ. ಎರಡು ಸಾರಿ ಮಡಿಸಿದ್ದರೆ ಒಂದೇ ಪಟ್ಟಿಯಲ್ಲಿ ಮೂರು ಬಾಗುಗಳು ಬರುವವು.

ಆದಕಾರಣ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನಸಿ ಒಣಗಿಸಿರಿ. ಯಾಕಂದರೆ ನೂಲಿನ ಬಟ್ಟೆಯು ಒಗೆದಾಗ ಕುಗ್ಗುತ್ತದೆ. ತೆಳ್ಳಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅದು ಕತ್ತಿಯ ಮುಂದೆ ಸರಿಯದೆ ನಿಲ್ಲುವದು. ಆ ಮೇಲೆ ನೇಯ್ಗೆಯ ಎರಡು ಅಂಚುಗಳನ್ನು ಜೊತೆಗೂಡಿಸಿ ಎರಡು ಕೈಗಳಿಂದ ಎತ್ತಿ ಹಿಡಿದು, ಮಡಿಕೆಯು ಕೆಳಗೆ ತೂಗುವಂತೆ ಬಿಡಿರಿ. ಮಡಿಕೆಯಲ್ಲಿ ಸುಕ್ಕು ಕಂಡರೆ ಒಂದು ಅಂಚನ್ನು ಎಡಕ್ಕಾಗಲಿ ಬಲಕ್ಕಾಗಲಿ ಸ್ವಲ್ಪ ಸ್ವಲ್ಪವಾಗಿ ಜರುಗಿಸಿರಿ. ಮಡಿಕೆಯು ಸುಕ್ಕಿಲ್ಲದೆ ತೂಗುವಾಗ ಅದು ಸರಿಯಾಯಿತು. ಆಗ ಅಂಗಡಿಯವನು ಕತ್ತರಿಸಿದ ತುದಿಗಳು ಒಂದರ ಮೇಲೊಂದು ಕೂಡದೆ ಹೋಗಬಹುದು. ಅವುಗಳನ್ನು ಕೂಡಿಸಲಿಕ್ಕೆ ಎಳೆಯಬೇಡಿರಿ. ಅಂಗಡಿಯ ಕತ್ತರಿಯು ಸೊಟ್ಟಗೆ ಹೋದದ್ದು ಬಟ್ಟೆಯ ತಪ್ಪಲ್ಲ.

೫. ಕತ್ತರಿಸುವ ಕ್ರಮ

ಚಕ್ರಕತ್ತಿಗಾಗಿ ಮಾಡಿದ ಚಾಪೆಯ ಮೇಲೆ ಬಟ್ಟೆಯನ್ನು ಹರವಿ, ಹಲಗೆಯ ಅಡ್ಡಗೆರೆಯು ಮಡಿಕೆಯ ಮೇಲೆ ಸರಿಯಾಗಿ ಬೀಳುವಂತೆ ಇಡಿರಿ. ಸೊನ್ನೆಯ ಸೀಳು ಬಟ್ಟೆಯ ಸೊಟ್ಟ ತುದಿಯ ಒಳಗಡೆ ಇರಲಿ. ಮೊದಲು ಸೊನ್ನೆಯಲ್ಲಿ ಕತ್ತರಿಸಿ ಆ ತುದಿಯನ್ನು ತೆಗೆಯಿರಿ. ಅನಂತರ ಹಲಗೆಯನ್ನು ಕದಲಿಸದೆ ೨½, ೫, ೭½, ೧೦ ಎಂಬ ಸೀಳುಗಳಲ್ಲಿ ಕ್ರಮವಾಗಿ ಕತ್ತರಿಸಿರಿ. ಹನ್ನೆರಡು ಇಂಚಿನ ವರೆಗೆ ಸೀಳುಗಳುಳ್ಳ ಹಲಗೆಯಿಂದ ಹೀಗೆ ಒಂದು ಇಡುವಿಕೆಗೆ ನಾಲ್ಕು ಪಟ್ಟಿಗಳಾಗುವವು. ಹಲಗೆಯನ್ನು ಮುಂದಕ್ಕೆ ಇಡುವಾಗೆಲ್ಲಾ ಮಡಿಕೆಯನ್ನು ಪುನಃ ಗೆರೆಗೆ ಸರಿಹೊಂದಿಸಬೇಕು.

ಬಿಲ್ಲೆಯು ಉರುಳುವದಕ್ಕಾಗಿ ಸೀಳು ಅದಕ್ಕಿಂತ ತುಸು ಅಗಲವಾಗಿಯೇ ಇರುವದು. ಆದದರಿಂದ ಬಿಲ್ಲೆಯನ್ನು ಎಲ್ಲಾ ಸೀಳುಗಳಲ್ಲಿಯೂ ಒಂದೇ ಬದಿಗೆ ಒತ್ತಿ ನಡಿಸಿರಿ. ಒಂದು ಸೀಳಿನಲ್ಲಿ ಎಡಬದಿಗೂ ಮತ್ತೊಂದರಲ್ಲಿ ಬಲಬದಿಗೂ ವಾಲಿದರೆ ನಡುವಿನ ಪಟ್ಟಿಯ ಅಗಲವು ಬದಲಾಗುವದು. ಹೊಸಬರು ನಾಲ್ಕು ಪದರಗಳಿಗಿಂತ ಹೆಚ್ಚು ಇಡಬಾರದು.

ಚಿಕ್ಕ ಕೊರತೆಯು ಹೇಗೆ ದೊಡ್ಡದಾಗುತ್ತದೆಂಬದನ್ನು ಲೆಕ್ಕಮಾಡಿ ನೋಡೋಣ. ೨½ ಇಂಚಿನ ಪಟ್ಟಿಯಲ್ಲಿ ಎರಡು ಬದಿಗಳಿಗೂ ಕಾಲು ಇಂಚು ಹೊಲಿಗೆಗೆ ಹೋದರೆ ೨ ಇಂಚು ಉಳಿಯುತ್ತದೆ. ಹನ್ನೆರಡು ಪಟ್ಟಿಗಳನ್ನು ಜೋಡಿಸಿದರೆ, ಎರಡು ಕೊನೆಗಳ ಕಾಲು ಇಂಚು ಸೇರಿ, ೨೪½ ಇಂಚು ಬರಬೇಕು. ಪ್ರತಿಯೊಂದು ಪಟ್ಟಿಯು ಒಂದು ವೀಸ, ಅಂದರೆ ಇಂಚಿನ ಹದಿನಾರನೆಯ ಒಂದು ಪಾಲು ಮಾತ್ರ ಕಿರಿದಾದರೂ ಒಟ್ಟಿನಲ್ಲಿ ಮುಕ್ಕಾಲು ಇಂಚು ಕಡಿಮೆಯಾಗುವದು. ಪಕ್ಕದ ಚೌಕವು ಸರಿಯಾಗಿದ್ದರೆ ಇದು ಅದರೊಂದಿಗೆ ಕೂಡಲಾರದು.

ಬಟ್ಟೆಯನ್ನು ಕೊಳ್ಳುವಾಗಲೂ ಲೆಕ್ಕವಿರಲಿ. ಒಂದು ಮೀಟರು ಸುಮಾರು ೩೯ ಇಂಚಾದದರಿಂದ ೨½ ಇಂಚಿನ ೧೫ ಪಟ್ಟಿಗಳು ಬರುವವೆಂದು ತೋರುತ್ತದೆ. ಆದರೆ ಬಟ್ಟೆಯು ಕುಗ್ಗುವದರಿಂದಲೂ ತುದಿಯನ್ನು ಸರಿಮಾಡುವದರಿಂದಲೂ ಸ್ವಲ್ಪ ಹೋಗುವದು. ೧೪ ಎಂದು ಲೆಕ್ಕ ಹಿಡಿಯುವವರಿಗೆ ಕೊನೆಯಲ್ಲಿ ದುಃಖವಿರದು.

೬. ಪರೀಕ್ಷೆ

ಹೊಸ ಹಲಗೆಯನ್ನು ಮೊದಲ ಸಾರಿ ಒಳ್ಳೇ ಬಟ್ಟೆಯ ಮೇಲೆ ಉಪಯೋಗಿಸಕೂಡದು. ನಿರುಪಯೋಗವಾದ ಬಟ್ಟೆಯಲ್ಲಿ ಮೂರು ಪಟ್ಟಿಗಳನ್ನು ಕತ್ತರಿಸಿ, ಪ್ರತಿಯೊಂದನ್ನು ಎರಡು ತುದಿಗಳಲ್ಲಿಯೂ ನಡುವಿನಲ್ಲಿಯೂ ಅಳೆಯಿರಿ. ಮೂರೂ ಸಮವಾಗಿದ್ದರೆ ಕೈಯೂ ಹಲಗೆಯೂ ಒಪ್ಪಿದವು. ಆ ಮೇಲೆ ಆ ಪಟ್ಟಿಗಳನ್ನು ಹೊಲಿದು ಮತ್ತೆ ಅಳೆಯಿರಿ. ೬½ ಇಂಚು ಬರಬೇಕು. ಕತ್ತರಿಸಿದ್ದು ಸರಿಯಾಗಿದ್ದು ಹೊಲಿದದ್ದು ಕಡಿಮೆಯಾದರೆ ಹೊಲಿಗೆಯು ಹೆಚ್ಚು ಬಟ್ಟೆಯನ್ನು ಹಿಡಿದಿದೆ ಎಂದು ತಿಳಿಯಬಹುದು. ಕೆಲಸವು ನಡೆಯುತ್ತಿರುವಾಗ ಪ್ರತಿ ಇಡುವಿಕೆಯಲ್ಲಿ ಒಂದು ಪಟ್ಟಿಯನ್ನು ಬಿಡಿಸಿ ನೋಡಿರಿ. ಬಾಗು ಕಂಡ ಕೂಡಲೆ ನಿಲ್ಲಿಸಿ, ಬಟ್ಟೆಯನ್ನು ಪುನಃ ತೂಗಿ ಮಡಿಸಿ, ಸೊನ್ನೆಯಿಂದ ಪ್ರಾರಂಭಿಸಿರಿ. ಒಂದು ಪಟ್ಟಿಯು ಹಾಳಾಗುವದು ನಷ್ಟವೇ. ಆದರೆ ಹತ್ತು ಹಾಳಾಗುವದಕ್ಕಿಂತ ಅದು ಲೇಸು.

೭. ಬೆರಳುಗಳ ರಕ್ಷಣೆಯೂ ಉಪಕರಣದ ಜೋಪಾನವೂ

ಸೀಳಿನೊಳಗೆ ಕತ್ತಿಯು ಬದಿಗೆ ಜಿಗಿಯುವದು ಕಡಿಮೆಯಾದರೂ, ಸೀಳಿನ ಮೇಲೆ ಬೆರಳನ್ನು ಅಡ್ಡವಾಗಿ ಚಾಚಿದವರನ್ನು ಹಲಗೆಯು ಕಾಪಾಡಲಾರದು. ಕೈಯು ಎರಡು ಸೀಳುಗಳ ನಡುವಣ ಸ್ಥಳದ ಮೇಲೆಯೋ, ಕತ್ತರಿಸದಿರುವ ಬದಿಯಲ್ಲಿಯೋ ಇರಬೇಕು. ನಿಂತುಕೊಂಡು, ಕತ್ತಿಯನ್ನು ಮೈಯಿಂದ ಆಚೆಗೆ ನೂಕಬೇಕು. ತನ್ನ ಕಡೆಗೆ ಎಂದಿಗೂ ಎಳೆಯಬಾರದು. ಪ್ರತಿ ಸಾರಿ ಕೆಳಗಿಡುವ ಮುಂಚೆ ಬಿಲ್ಲೆಯ ಮುಚ್ಚಳವನ್ನು ಹಾಕಬೇಕು. ಇದು ಆಟಿಕೆಯಂತೆ ಕಂಡರೂ ಮಗುವಿನ ಬೆರಳನ್ನು ಒಂದು ಕ್ಷಣದಲ್ಲಿ ಸೀಳಬಲ್ಲದು. ಹಳೇ ಬಿಲ್ಲೆಗಳನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿ ಹಾಕಿ ಕೈಗೆ ಸಿಕ್ಕದಂತೆ ಇಡಿರಿ.

ಮೊಂಡಾದ ಬಿಲ್ಲೆಯು ಎಳೆಗಳನ್ನು ಬಿಟ್ಟು ಹೋಗುತ್ತದೆ. ಆಗ ಬಲವಾಗಿ ಒತ್ತಿದರೆ ಚಾಪೆಯೂ ಸೀಳಿನ ಬದಿಗಳೂ ಗಾಯವಾಗುವವು. ಗುಂಡುಸೂಜಿಯ ಮೇಲೆ ಬಿಲ್ಲೆಯನ್ನು ಹಾಯಿಸಬೇಡಿರಿ. ಹಲಗೆಯನ್ನು ಸಾಬೂನಿನ ನೀರಿನಿಂದ ಒರಸಿರಿ. ಸ್ಪಿರಿಟ್ ತಾಗಿದರೆ ಅಕ್ರಿಲಿಕ್ ಬಿರುಕು ಬಿಡಬಹುದು. ಚಾಪೆಯನ್ನು ಬಿಸಿಲಿನಲ್ಲಿಯೂ ಇಸ್ತ್ರಿಪೆಟ್ಟಿಗೆಯ ಕೆಳಗೂ ಇಡಕೂಡದು. ಬಿಸಿಗೆ ಅದು ಬಾಗಿಹೋಗುವದು.

ಹಲಗೆಯಿಲ್ಲದ ಜಾಣೆಯು ನೆಟ್ಟಗೆ ಕತ್ತರಿಸಬಲ್ಲಳು. ಹಲಗೆಯಿದ್ದೂ ಮಡಿಕೆಯನ್ನು ನೋಡದವಳು ಕತ್ತರಿಸಲಾರಳು. ಈ ಒಂದು ಮಾತು ನೆನಪಿನಲ್ಲಿದ್ದರೆ ಪಾಠವು ವ್ಯರ್ಥವಾಗಲಿಲ್ಲ.

ಪ್ರಶ್ನೆಗಳು

೧. ಯಾವ ಕೆಲಸಕ್ಕೆ ಸೀಳುಹಲಗೆಯು ಬೇಕು? ಯಾವ ಕೆಲಸಕ್ಕೆ ಬೇಡ?
೨. ಉದ್ದ ಸೀಳಿನ ಹಲಗೆಯಿಂದ ಏನು ಪ್ರಯೋಜನ?
೩. ಪಟ್ಟಿಯಲ್ಲಿ ಬಾಗು ಬರುವದಕ್ಕೆ ಕಾರಣವೇನು? ಅದನ್ನು ತಡೆಯುವದು ಹೇಗೆ?
೪. ಬಿಲ್ಲೆಯನ್ನು ಪ್ರತಿ ಸೀಳಿನ ಒಂದೇ ಬದಿಗೆ ಯಾಕೆ ಒತ್ತಬೇಕು?
೫. ೩½ ಇಂಚಿನ ಎಂಟು ಪಟ್ಟಿಗಳನ್ನು ಕಾಲು ಇಂಚು ಬಿಟ್ಟು ಹೊಲಿದರೆ ಒಟ್ಟು ಅಗಲವೆಷ್ಟು? ಪ್ರತಿಯೊಂದು ಒಂದು ವೀಸ ಕಿರಿದಾದರೆ ಎಷ್ಟು?
೬. ಕತ್ತರಿಸುವಾಗ ಕೈಯು ಎಲ್ಲಿರಬೇಕು?